ವೈರಾಣುಗಳು ಆತಿಥೇಯ ಕೋಶದ ಪ್ರೋಟೀನುಗಳಿಂದ ತಮ್ಮ ಡಿಎನ್‌ಎ ನಕಲು ಮಾಡಿಕೊಳ್ಳುವ ಬಗೆ: ಮಾನವ ಪ್ಯಾಪಿಲೋಮಾ ವೈರಾಣುವಿನ ನಿದರ್ಶನ

1. ಪೀಠಿಕೆ

ವೈರಾಣುವು ತಾನಾಗಿ ಆಹಾರ ಸೇವಿಸುವುದಿಲ್ಲ, ಬೆಳೆಯುವುದಿಲ್ಲ, ಸ್ವತಂತ್ರವಾಗಿ ವೃದ್ಧಿಯಾಗುವುದೂ ಇಲ್ಲ. ಆನುವಂಶಿಕ ವಸ್ತು, ಅದನ್ನು ಸುತ್ತುವರಿದ ಪ್ರೋಟೀನಿನ ಕವಚ, ಕೆಲವು ಬಗೆಗಳಲ್ಲಿ ಅದರ ಮೇಲೊಂದು ಕೊಬ್ಬಿನ ಪೊರೆ, ಇಷ್ಟೇ ಅದರ ರಚನೆ. ಸಂಖ್ಯೆಯಲ್ಲಿ ಹೆಚ್ಚಬೇಕಾದರೆ ಅದು ಜೀವಕೋಶವೊಂದನ್ನು ಪ್ರವೇಶಿಸಿ, ಆ ಕೋಶದ ಸಾಮಗ್ರಿ ಹಾಗೂ ಸಲಕರಣೆಗಳನ್ನು ತನ್ನ ಕಾರ್ಯಕ್ಕೆ ಬಳಸಿಕೊಳ್ಳಬೇಕಾಗುತ್ತದೆ. ಹೀಗೆ ವೈರಾಣುವಿಗೆ ನೆಲೆಯಾಗುವ ಕೋಶವನ್ನು ಆತಿಥೇಯ ಕೋಶ ಎಂದು ಕರೆಯಲಾಗುತ್ತದೆ.

ಡೆಂಗಿ, ಚಿಕುನ್‌ಗುನ್ಯ, ಮಲೆನಾಡಿನ ಮಂಗನ ಕಾಯಿಲೆ ಮುಂತಾದವುಗಳ ವೈರಾಣುಗಳಲ್ಲಿ ಆನುವಂಶಿಕ ವಸ್ತುವು ಆರ್‌ಎನ್‌ಎ ರೂಪದಲ್ಲಿರುತ್ತದೆ. ಅವುಗಳ ನಕಲಿನ ವಿಧಾನ ಬೇರೆ. ಪ್ರಸ್ತುತ ಲೇಖನವು ಡಿಎನ್‌ಎ ಹೊಂದಿರುವ ವೈರಾಣುಗಳಿಗೆ, ಅವುಗಳಲ್ಲಿಯೂ ವಿಶೇಷವಾಗಿ ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಮಾನವ ಪ್ಯಾಪಿಲೋಮಾ ವೈರಾಣುವಿಗೆ ಸಂಬಂಧಿಸಿದೆ. ಈ ವೈರಾಣುವನ್ನು ಸಂಕ್ಷಿಪ್ತವಾಗಿ ಎಚ್‌ಪಿವಿ ಎನ್ನಲಾಗುತ್ತದೆ.

ಎಚ್‌ಪಿವಿ ಸೋಂಕು ಇದೆಯೆಂದು ತಿಳಿದ ಮಹಿಳೆಯರು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಈ ವೈರಾಣುವನ್ನು ಕೊಲ್ಲುವ ಮಾತ್ರೆ ಇಲ್ಲವೇ? ಅಂತಹ ಮಾತ್ರೆ ಇಲ್ಲದಿರುವುದಕ್ಕೂ, ಲಸಿಕೆ ಮತ್ತು ನಿಯತ ತಪಾಸಣೆಗೆ ಇಷ್ಟು ಪ್ರಾಮುಖ್ಯ ನೀಡಲಾಗುತ್ತಿರುವುದಕ್ಕೂ ಒಂದೇ ಕಾರಣವಿದೆ. ಈ ವೈರಾಣುವು ತನ್ನ ಡಿಎನ್‌ಎಯನ್ನು ನಕಲು ಮಾಡಲು ನಮ್ಮ ಕೋಶಗಳ ಪ್ರೋಟೀನುಗಳನ್ನೇ ಅವಲಂಬಿಸಿದೆ. ಆ ವಿಧಾನವನ್ನು ಮುಂದೆ ಹಂತಹಂತವಾಗಿ ವಿವರಿಸಲಾಗಿದೆ.

2. ಆರೋಗ್ಯವಂತ ಕೋಶದಲ್ಲಿ ಡಿಎನ್‌ಎ ನಕಲು

ಮಾನವನ ಪ್ರತಿಯೊಂದು ಕೋಶದ ಕೇಂದ್ರದಲ್ಲಿ ಸುಮಾರು 600 ಕೋಟಿ ಪ್ರತ್ಯಾಮ್ಲ ಜೋಡಿಗಳಷ್ಟು ಉದ್ದದ ಡಿಎನ್‌ಎ, 46 ವರ್ಣತಂತುಗಳಾಗಿ ಅಡಕವಾಗಿರುತ್ತದೆ. ಕೋಶವು ಎರಡಾಗಿ ಒಡೆಯುವ ಮೊದಲು ಈ ಎಲ್ಲ ಡಿಎನ್‌ಎಯೂ ಒಮ್ಮೆ ನಕಲಾಗಬೇಕು. ಕೋಶಚಕ್ರದಲ್ಲಿ ಈ ಕಾರ್ಯಕ್ಕೆಂದೇ ಒಂದು ಅವಧಿ ನಿಗದಿಯಾಗಿದ್ದು, ಅದನ್ನು ಸಂಶ್ಲೇಷಣಾ ಹಂತ ಎನ್ನುತ್ತಾರೆ. ಈ ಹಂತವು ಸುಮಾರು ಎಂಟು ಗಂಟೆಗಳ ಕಾಲ ನಡೆಯುತ್ತದೆ.

ನಕಲು ಕಾರ್ಯದಲ್ಲಿ ಭಾಗವಹಿಸುವ ಪ್ರಮುಖ ಪ್ರೋಟೀನುಗಳು ಹಾಗೂ ಅವುಗಳ ಕೆಲಸ ಈ ಕೆಳಗಿನಂತಿವೆ:

(ಅ) ಹೆಲಿಕೇಸ್: ಹೆಣೆದುಕೊಂಡಿರುವ ಎರಡು ಎಳೆಗಳನ್ನು ಬಿಡಿಸುತ್ತದೆ.
(ಆ) ಆರ್‌ಪಿಎ: ಬಿಡಿಸಿದ ಒಂಟಿ ಎಳೆಗಳಿಗೆ ಅಂಟಿಕೊಂಡು, ಅವು ಮತ್ತೆ ಹೆಣೆದುಕೊಳ್ಳದಂತೆ ಕಾಯುತ್ತದೆ.
(ಇ) ಟೋಪೋಐಸೋಮರೇಸ್: ಎಳೆಗಳನ್ನು ಬಿಡಿಸುವಾಗ ಮುಂಭಾಗದಲ್ಲಿ ಹೆಚ್ಚುವ ತಿರುಚನ್ನು ಸಡಿಲಿಸುತ್ತದೆ.
(ಈ) ಡಿಎನ್‌ಎ ಪಾಲಿಮರೇಸ್ ಆಲ್ಫಾ ಮತ್ತು ಅದರೊಡನಿರುವ ಪ್ರೈಮೇಸ್: ಹೊಸ ಎಳೆಯ ಮೊದಲ ತುಣುಕನ್ನು ಹಾಕಿಕೊಡುತ್ತವೆ.
(ಉ) ಪಿಸಿಎನ್‌ಎ ಮತ್ತು ಆರ್‌ಎಫ್‌ಸಿ: ಪಿಸಿಎನ್‌ಎಯು ಡಿಎನ್‌ಎ ಎಳೆಯನ್ನು ಬಳೆಯಂತೆ ಸುತ್ತುವರಿದು, ನಕಲು ಮಾಡುವ ಕಿಣ್ವ ಜಾರಿಬೀಳದಂತೆ ಹಿಡಿದಿಡುತ್ತದೆ. ಆ ಬಳೆಯನ್ನು ತೊಡಿಸುವ ಕೆಲಸ ಆರ್‌ಎಫ್‌ಸಿಯದು.
(ಊ) ಡಿಎನ್‌ಎ ಪಾಲಿಮರೇಸ್ ಡೆಲ್ಟಾ ಮತ್ತು ಎಪ್ಸಿಲಾನ್: ಹೊಸ ಎಳೆಯ ಬಹುಭಾಗವನ್ನು ಕಟ್ಟುತ್ತವೆ.
(ಋ) ಲೈಗೇಸ್: ತುಂಡುಗಳನ್ನು ಒಂದಕ್ಕೊಂದು ಬೆಸೆಯುತ್ತದೆ.

ಇವುಗಳಲ್ಲದೆ, ಹೊಸ ಎಳೆಗೆ ಬೇಕಾಗುವ ನ್ಯೂಕ್ಲಿಯೋಟೈಡುಗಳೆಂಬ ಕಚ್ಚಾ ಸಾಮಗ್ರಿಯನ್ನೂ ಕೋಶವು ಸಿದ್ಧಪಡಿಸಿಕೊಳ್ಳಬೇಕು. ಈ ಏರ್ಪಾಡಿನಲ್ಲಿ ಗಮನಿಸಬೇಕಾದ ಎರಡು ನಿಯಮಗಳಿವೆ. ಮೊದಲನೆಯದು, ಒಂದು ಕೋಶಚಕ್ರದಲ್ಲಿ ಡಿಎನ್‌ಎಯ ಯಾವುದೇ ಭಾಗ ಒಮ್ಮೆ ಮಾತ್ರ ನಕಲಾಗಬೇಕು. ಎರಡನೆಯದು, ವಿಭಜನೆಯನ್ನು ನಿಲ್ಲಿಸಿದ ಕೋಶದಲ್ಲಿ ಈ ಸಲಕರಣೆ ಹಾಗೂ ಸಾಮಗ್ರಿಗಳ ಉತ್ಪಾದನೆ ಬಹುಮಟ್ಟಿಗೆ ಸ್ಥಗಿತಗೊಂಡಿರುತ್ತದೆ. ವೈರಾಣುವು ಈ ಎರಡೂ ನಿಯಮಗಳನ್ನು ಮೀರಬೇಕಾಗುತ್ತದೆ.

3. ವೈರಾಣುಗಳು ತರುವುದೇನು, ಎರವಲು ಪಡೆಯುವುದೇನು

ಎಲ್ಲ ಡಿಎನ್‌ಎ ವೈರಾಣುಗಳೂ ಆತಿಥೇಯ ಕೋಶವನ್ನು ಒಂದೇ ಪ್ರಮಾಣದಲ್ಲಿ ಅವಲಂಬಿಸುವುದಿಲ್ಲ. ಸಾಮಾನ್ಯವಾಗಿ ವೈರಾಣುವಿನ ಡಿಎನ್‌ಎ ದೊಡ್ಡದಾಗಿದ್ದಷ್ಟೂ ಅದು ತನ್ನ ಸಲಕರಣೆಗಳನ್ನು ತಾನೇ ತಂದಿರುತ್ತದೆ. ಚಿಕ್ಕದಾಗಿದ್ದಷ್ಟೂ ಎರವಲು ಹೆಚ್ಚು.

ಸಿಡುಬಿನ ಗುಂಪಿನ ವೈರಾಣುಗಳು ಕೋಶಕೇಂದ್ರವನ್ನು ಪ್ರವೇಶಿಸದೆ ಅದರ ಹೊರಗಿನ ಕೋಶದ್ರವ್ಯದಲ್ಲಿಯೇ ನಕಲಾಗುತ್ತವೆ. ಇದಕ್ಕೆ ಬೇಕಾದ ಪಾಲಿಮರೇಸ್ ಸಹಿತ ಬಹುತೇಕ ಪ್ರೋಟೀನುಗಳ ಮಾಹಿತಿ ಅವುಗಳ ಡಿಎನ್‌ಎಯಲ್ಲಿಯೇ ಇದೆ. ಹರ್ಪಿಸ್ ಗುಂಪಿನ ವೈರಾಣುಗಳು ಕೋಶಕೇಂದ್ರದಲ್ಲಿ ನಕಲಾದರೂ ಸ್ವಂತ ಪಾಲಿಮರೇಸ್ ಮತ್ತು ಹೆಲಿಕೇಸ್ ಹೊಂದಿದ್ದು, ಟೋಪೋಐಸೋಮರೇಸಿನಂತಹ ಕೆಲವನ್ನು ಮಾತ್ರ ಕೋಶದಿಂದ ಪಡೆಯುತ್ತವೆ. ಅಡಿನೋ ವೈರಾಣುಗಳಿಗೂ ಸ್ವಂತ ಪಾಲಿಮರೇಸ್ ಇದೆ.

ಹೆಪಟೈಟಿಸ್ ಬಿ ವೈರಾಣುವಿನದು ವಿಶಿಷ್ಟ ಕ್ರಮ. ಅದರ ಡಿಎನ್‌ಎ ಸುಮಾರು 3,200 ಪ್ರತ್ಯಾಮ್ಲ ಜೋಡಿಗಳಷ್ಟಿದ್ದು, ಯಕೃತ್ತಿನ ಕೋಶವನ್ನು ಪ್ರವೇಶಿಸುವಾಗ ಅಪೂರ್ಣ ಉಂಗುರದ ರೂಪದಲ್ಲಿರುತ್ತದೆ. ಕೋಶವು ತನ್ನ ಡಿಎನ್‌ಎಗೆ ಆಗುವ ಹಾನಿಯನ್ನು ಸರಿಪಡಿಸಲು ಇಟ್ಟುಕೊಂಡಿರುವ ದುರಸ್ತಿ ಕಿಣ್ವಗಳೇ ಈ ಉಂಗುರದ ಬಿರುಕನ್ನು ಮುಚ್ಚಿ ಪೂರ್ಣಗೊಳಿಸುತ್ತವೆ. ಬಳಿಕ ಕೋಶದ ಕಿಣ್ವವು ಅದರಿಂದ ಆರ್‌ಎನ್‌ಎ ತಯಾರಿಸುತ್ತದೆ. ಆ ಆರ್‌ಎನ್‌ಎಯಿಂದ ವೈರಾಣುವಿನ ಸ್ವಂತ ಕಿಣ್ವವು ಮತ್ತೆ ಡಿಎನ್‌ಎ ರಚಿಸುತ್ತದೆ. ಟೆನೋಫೋವಿರ್, ಎಂಟೆಕಾವಿರ್ ಮುಂತಾದ ಔಷಧಗಳು ಕೊನೆಯ ಹಂತವನ್ನು ತಡೆಯುತ್ತವೆಯೇ ಹೊರತು ಕೋಶಕೇಂದ್ರದಲ್ಲಿ ನೆಲೆನಿಂತ ಉಂಗುರವನ್ನು ಅಳಿಸುವುದಿಲ್ಲ. ದೀರ್ಘಕಾಲದ ಹೆಪಟೈಟಿಸ್ ಬಿ ರೋಗಿಗಳಲ್ಲಿ ಅನೇಕರು ಬಹುವರ್ಷಗಳ ಕಾಲ ಔಷಧ ಸೇವಿಸಬೇಕಾಗುವುದಕ್ಕೆ ಇದೇ ಮುಖ್ಯ ಕಾರಣ.

ಪಾರ್ವೊ ವೈರಾಣುಗಳು ಎರವಲಿನ ಮತ್ತೊಂದು ತುದಿಯಲ್ಲಿವೆ. ಅವುಗಳಿಗೆ ಸ್ವಂತ ಪಾಲಿಮರೇಸ್ ಇಲ್ಲ. ಆತಿಥೇಯ ಕೋಶವು ತಾನಾಗಿ ಸಂಶ್ಲೇಷಣಾ ಹಂತವನ್ನು ತಲುಪುವವರೆಗೆ ಅವು ಕಾಯುತ್ತವೆ. ಆದುದರಿಂದಲೇ ಅವು ಸದಾ ವಿಭಜಿಸುತ್ತಿರುವ ಕೋಶಗಳನ್ನು ಆಶ್ರಯಿಸುತ್ತವೆ. ಮಾನವ ಪಾರ್ವೊ ವೈರಾಣು ಬಿ19 ಅಸ್ಥಿಮಜ್ಜೆಯಲ್ಲಿ ಕೆಂಪು ರಕ್ತಕಣಗಳಾಗಿ ಬೆಳೆಯುವ ಕೋಶಗಳನ್ನೂ, ನಾಯಿಮರಿಗಳಿಗೆ ಮಾರಕವಾದ ಪಾರ್ವೊ ವೈರಾಣು ಕರುಳಿನ ಒಳಪದರದ ಕೋಶಗಳನ್ನೂ ಹಾನಿಗೀಡುಮಾಡುತ್ತವೆ.

ಎಚ್‌ಪಿವಿಯೂ ಸ್ವಂತ ಪಾಲಿಮರೇಸ್ ಇಲ್ಲದ ವೈರಾಣುವೇ. ಆದರೆ ಅದು ಕಾಯುತ್ತ ಕೂರುವುದಿಲ್ಲ. ವಿಶ್ರಾಂತಿಗೆ ಸರಿದ ಕೋಶವನ್ನು ಬಲವಂತವಾಗಿ ನಕಲಿನ ಕಾರ್ಯಕ್ಕೆ ಮರಳಿಸುತ್ತದೆ.

4. ಎಚ್‌ಪಿವಿಯ ರಚನೆ ಮತ್ತು ಪ್ರವೇಶ

ಎಚ್‌ಪಿವಿಯಲ್ಲಿ 200ಕ್ಕೂ ಹೆಚ್ಚು ಬಗೆಗಳನ್ನು ಗುರುತಿಸಲಾಗಿದೆ. ಕೆಲವು ಬಗೆಗಳು ಕೈಕಾಲುಗಳಲ್ಲಿ ಸಾಮಾನ್ಯ ನರಹುಲಿಗಳನ್ನೂ, 6 ಮತ್ತು 11ನೆಯ ಬಗೆಗಳು ಜನನಾಂಗದ ನರಹುಲಿಗಳನ್ನೂ ಉಂಟುಮಾಡುತ್ತವೆ. 16 ಮತ್ತು 18ನೆಯ ಬಗೆಗಳು ವಿಶ್ವದಲ್ಲಿ ಕಂಡುಬರುವ ಗರ್ಭಕಂಠದ ಕ್ಯಾನ್ಸರ್ ಪ್ರಕರಣಗಳಲ್ಲಿ ಸುಮಾರು ಶೇಕಡ 70ಕ್ಕೆ ಕಾರಣವಾಗಿವೆ.

ಈ ವೈರಾಣುವಿನ ಡಿಎನ್‌ಎ ಸುಮಾರು 8,000 ಪ್ರತ್ಯಾಮ್ಲ ಜೋಡಿಗಳ ಒಂದು ಉಂಗುರ. ಇದರಲ್ಲಿ ಸುಮಾರು ಎಂಟು ಪ್ರೋಟೀನುಗಳ ಮಾಹಿತಿ ಮಾತ್ರ ಅಡಗಿದೆ. ಇವುಗಳ ಪೈಕಿ ಎಲ್1 ಮತ್ತು ಎಲ್2 ಎಂಬುವು ಹೊರಕವಚವನ್ನು ಕಟ್ಟುತ್ತವೆ. ನಕಲಿಗೆ ಸಂಬಂಧಿಸಿದ ಪ್ರಮುಖ ಪ್ರೋಟೀನುಗಳು ಇ1, ಇ2, ಇ6 ಮತ್ತು ಇ7.

ಸೋಂಕು ಮುಖ್ಯವಾಗಿ ಲೈಂಗಿಕ ಸಂಪರ್ಕದ ಸಂದರ್ಭದಲ್ಲಿ ಚರ್ಮದಿಂದ ಚರ್ಮಕ್ಕೆ ಹರಡುತ್ತದೆ. ಗರ್ಭಕಂಠದ ಒಳಪದರವು ಇಟ್ಟಿಗೆಯ ಸಾಲುಗಳಂತೆ ಹಲವು ಪದರಗಳ ಕೋಶಗಳಿಂದ ಕೂಡಿದೆ. ಅತ್ಯಂತ ಕೆಳಗಿನ ತಳಪದರದ ಕೋಶಗಳು ಮಾತ್ರ ವಿಭಜಿಸುತ್ತವೆ. ಹೊಸ ಕೋಶಗಳು ಕ್ರಮೇಣ ಮೇಲೇರುತ್ತ, ವಿಭಜನೆ ನಿಲ್ಲಿಸಿ, ಕೊನೆಗೆ ಉದುರಿಹೋಗುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಗೀರುಗಳ ಮೂಲಕ ವೈರಾಣುವು ತಳಪದರವನ್ನು ತಲುಪುತ್ತದೆ. ಅಲ್ಲಿನ ಕೋಶವು ವಿಭಜಿಸುವಾಗ ಕೋಶಕೇಂದ್ರದ ಪೊರೆಯು ತಾತ್ಕಾಲಿಕವಾಗಿ ಕರಗುತ್ತದೆ; ಆ ಸಮಯದಲ್ಲಿ ವೈರಾಣುವಿನ ಡಿಎನ್‌ಎ ವರ್ಣತಂತುಗಳ ಬಳಿ ಸೇರಿಕೊಳ್ಳುತ್ತದೆ.

5. ನಕಲಿನ ಮೂರು ಹಂತಗಳು

ಮೊದಲ ಹಂತ – ನೆಲೆಗೊಳ್ಳುವುದು: ವೈರಾಣುವಿನ ಇ2 ಪ್ರೋಟೀನು ಡಿಎನ್‌ಎ ಉಂಗುರದಲ್ಲಿ ನಕಲು ಆರಂಭವಾಗಬೇಕಾದ ತಾಣವನ್ನು ಗುರುತಿಸಿ, ಇ1 ಪ್ರೋಟೀನನ್ನು ಅಲ್ಲಿಗೆ ಕರೆತರುತ್ತದೆ. ಇ1ರ ಆರು ಅಣುಗಳು ಎಳೆಯ ಸುತ್ತ ಒಂದು ವರ್ತುಲವನ್ನು ಕಟ್ಟಿ ಹೆಲಿಕೇಸ್ ಆಗಿ ವರ್ತಿಸುತ್ತವೆ. ಇಂತಹ ಎರಡು ವರ್ತುಲಗಳು ಎರಡು ದಿಕ್ಕಿಗೆ ಎಳೆಗಳನ್ನು ಬಿಡಿಸುತ್ತ ಸಾಗುತ್ತವೆ. ಎಚ್‌ಪಿವಿಯು ತನ್ನದೆಂದು ತರುವ ಕಿಣ್ವ ಇದೊಂದೇ. ಉಳಿದುದೆಲ್ಲವೂ ಎರವಲು. ಇ1 ಪ್ರೋಟೀನು ಕೋಶದ ಆರ್‌ಪಿಎ, ಟೋಪೋಐಸೋಮರೇಸ್ ಹಾಗೂ ಪಾಲಿಮರೇಸ್ ಆಲ್ಫಾಗಳಿಗೆ ನೇರವಾಗಿ ಅಂಟಿಕೊಂಡು ಅವುಗಳನ್ನು ವೈರಾಣುವಿನ ಡಿಎನ್‌ಎಯ ಮೇಲೆ ಕೂರಿಸುತ್ತದೆ. ಪಿಸಿಎನ್‌ಎ, ಆರ್‌ಎಫ್‌ಸಿ ಮತ್ತು ಪಾಲಿಮರೇಸ್ ಡೆಲ್ಟಾ ಬಳಿಕ ಬಂದು ಸೇರುತ್ತವೆ. ಈ ಹಂತದಲ್ಲಿ ಪ್ರತಿ ಕೋಶದಲ್ಲಿ ವೈರಾಣುವಿನ ಡಿಎನ್‌ಎಯ ಸುಮಾರು 50 ರಿಂದ 100 ಪ್ರತಿಗಳು ಸಿದ್ಧವಾಗುತ್ತವೆ.

ಎರಡನೆಯ ಹಂತ – ಉಳಿದುಕೊಳ್ಳುವುದು: ತಳಪದರದ ಕೋಶವು ವಿಭಜಿಸುವಾಗ ವೈರಾಣುವಿನ ಪ್ರತಿಗಳು ಚದುರಿಹೋಗದೆ ಎರಡೂ ಮರಿಕೋಶಗಳಿಗೆ ಹಂಚಿಕೆಯಾಗಬೇಕು. ಇದಕ್ಕಾಗಿ ಇ2 ಪ್ರೋಟೀನು ಒಂದು ಬದಿಯಲ್ಲಿ ವೈರಾಣುವಿನ ಡಿಎನ್‌ಎಯನ್ನೂ, ಇನ್ನೊಂದು ಬದಿಯಲ್ಲಿ ಆತಿಥೇಯ ಕೋಶದ ವರ್ಣತಂತುವಿಗೆ ಅಂಟಿರುವ ಪ್ರೋಟೀನುಗಳನ್ನೂ ಹಿಡಿದುಕೊಳ್ಳುತ್ತದೆ. ಕೋಶವು ತನ್ನ ವರ್ಣತಂತುಗಳನ್ನು ಹಂಚುವಾಗ ವೈರಾಣುವೂ ಜೊತೆಯಲ್ಲಿ ಸಾಗುತ್ತದೆ. ಪ್ರತಿಗಳ ಸಂಖ್ಯೆ ಈ ಹಂತದಲ್ಲಿ ಹೆಚ್ಚು ಏರುವುದಿಲ್ಲ. ಕೋಶವು ಸಾಯುವುದಿಲ್ಲ, ಉರಿಯೂತ ಉಂಟಾಗುವುದಿಲ್ಲ, ವೈರಾಣುವು ರಕ್ತವನ್ನು ಸೇರುವುದಿಲ್ಲ. ಸೋಂಕಿತರಿಗೆ ಯಾವ ಲಕ್ಷಣವೂ ತಿಳಿಯದಿರುವುದಕ್ಕೆ ಹಾಗೂ ರೋಗನಿರೋಧಕ ವ್ಯವಸ್ಥೆಯು ತಡವಾಗಿ ಎಚ್ಚರಗೊಳ್ಳುವುದಕ್ಕೆ ಇದು ಕಾರಣ.

ಮೂರನೆಯ ಹಂತ – ವೃದ್ಧಿ: ಸೋಂಕಿತ ಕೋಶವು ಮೇಲಿನ ಪದರಗಳಿಗೆ ಏರಿದಾಗ ವೈರಾಣುವಿನ ಡಿಎನ್‌ಎ ವೇಗವಾಗಿ ನಕಲಾಗಿ, ಪ್ರತಿ ಕೋಶದಲ್ಲಿ ಸಾವಿರಾರು ಪ್ರತಿಗಳಾಗುತ್ತವೆ. ಒಂದು ಕೋಶಚಕ್ರಕ್ಕೆ ಒಂದೇ ನಕಲು ಎಂಬ ನಿಯಮ ಇಲ್ಲಿ ಮುರಿದುಬೀಳುತ್ತದೆ. ಈ ಹಂತದಲ್ಲಿ ಕೋಶದ ಡಿಎನ್‌ಎ ದುರಸ್ತಿ ವ್ಯವಸ್ಥೆಯನ್ನೂ ವೈರಾಣುವು ಪ್ರಚೋದಿಸಿ, ಆ ಪ್ರೋಟೀನುಗಳನ್ನು ತನ್ನ ನಕಲಿನ ತಾಣಕ್ಕೆ ಸೆಳೆದುಕೊಳ್ಳುತ್ತದೆ. ಕೊನೆಗೆ ಎಲ್1 ಮತ್ತು ಎಲ್2 ಕವಚದೊಳಗೆ ಡಿಎನ್‌ಎ ತುಂಬಿಕೊಂಡ ಹೊಸ ವೈರಾಣುಗಳು ಉದುರುವ ಕೋಶಗಳೊಡನೆ ಹೊರಬೀಳುತ್ತವೆ.

6. ವಿಶ್ರಾಂತ ಕೋಶವನ್ನು ಎಬ್ಬಿಸುವುದು

ಮೂರನೆಯ ಹಂತದಲ್ಲಿ ವೈರಾಣುವಿಗೆ ಒಂದು ಅಡಚಣೆ ಎದುರಾಗುತ್ತದೆ. ಮೇಲಿನ ಪದರದ ಕೋಶಗಳು ಸಹಜವಾಗಿ ವಿಭಜನೆ ನಿಲ್ಲಿಸಿರುತ್ತವೆ. ಎರವಲು ಪಡೆಯಬೇಕಾದ ಪಾಲಿಮರೇಸ್, ಪಿಸಿಎನ್‌ಎ, ನ್ಯೂಕ್ಲಿಯೋಟೈಡುಗಳು ಅಲ್ಲಿ ಸಾಕಷ್ಟು ಇರುವುದಿಲ್ಲ. ಈ ಕೊರತೆಯನ್ನು ಇ7 ಮತ್ತು ಇ6 ಪ್ರೋಟೀನುಗಳು ನಿವಾರಿಸುತ್ತವೆ.

ಆರೋಗ್ಯವಂತ ಕೋಶದಲ್ಲಿ ಆರ್‌ಬಿ ಎಂಬ ಪ್ರೋಟೀನು ಇ2ಎಫ್ ಎಂಬ ಮತ್ತೊಂದನ್ನು ಬಂಧಿಸಿಟ್ಟಿರುತ್ತದೆ. ಇ2ಎಫ್ ಕೂಡ ಕೋಶದ್ದೇ ಪ್ರೋಟೀನು. ಇದಕ್ಕೂ ವೈರಾಣುವಿನ ಇ2 ಪ್ರೋಟೀನಿಗೂ ಸಂಬಂಧವಿಲ್ಲ. ಬಂಧಮುಕ್ತವಾದರೆ ಇ2ಎಫ್ ಸಂಶ್ಲೇಷಣಾ ಹಂತಕ್ಕೆ ಬೇಕಾದ ವಂಶವಾಹಿಗಳನ್ನೆಲ್ಲ ಚಾಲನೆಗೊಳಿಸುತ್ತದೆ. ಎಚ್‌ಪಿವಿಯ ಇ7 ಪ್ರೋಟೀನು ಆರ್‌ಬಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ, ಇ2ಎಫ್ ಬಿಡುಗಡೆಯಾಗುತ್ತದೆ, ವಿಶ್ರಾಂತ ಕೋಶದಲ್ಲಿ ನಕಲಿನ ಸಲಕರಣೆಗಳ ತಯಾರಿ ಪುನಃ ಆರಂಭವಾಗುತ್ತದೆ.

ಇಂತಹ ಅಕಾಲಿಕ ಚಟುವಟಿಕೆಯನ್ನು ಪತ್ತೆಹಚ್ಚಲು ಕೋಶದಲ್ಲಿ ಮತ್ತೊಂದು ಕಾವಲು ಇದೆ. ಪಿ53 ಎಂಬ ಪ್ರೋಟೀನು ಅಪಾಯವನ್ನು ಗುರುತಿಸಿದಾಗ ಕೋಶಚಕ್ರವನ್ನು ತಡೆಯುತ್ತದೆ ಅಥವಾ ಕೋಶವು ತನ್ನನ್ನು ತಾನೇ ನಾಶಪಡಿಸಿಕೊಳ್ಳುವಂತೆ ಮಾಡುತ್ತದೆ. ಹಾಗಾದಲ್ಲಿ ವೈರಾಣುವಿನ ನಕಲೂ ನಿಲ್ಲುತ್ತದೆ. ಇದನ್ನು ತಪ್ಪಿಸಲು ಇ6 ಪ್ರೋಟೀನು ಕೋಶದ್ದೇ ಆದ ಇ6ಎಪಿ ಎಂಬ ಕಿಣ್ವದೊಡನೆ ಸೇರಿಕೊಂಡು, ಪಿ53ಗೆ ವಿಲೇವಾರಿಯ ಗುರುತು ಅಂಟಿಸುತ್ತದೆ. ಅನುಪಯುಕ್ತ ಪ್ರೋಟೀನುಗಳನ್ನು ಒಡೆಯುವ ಕೋಶದ ವ್ಯವಸ್ಥೆಯೇ ಪಿ53ಅನ್ನು ಒಡೆದುಹಾಕುತ್ತದೆ. ಕಾವಲುಗಾರನನ್ನು ತೆಗೆದುಹಾಕಲೂ ವೈರಾಣುವು ಕೋಶದ ಕಿಣ್ವವನ್ನೇ ಬಳಸುತ್ತದೆ ಎಂಬುದು ಗಮನಾರ್ಹ.

7. ಕ್ಯಾನ್ಸರ್ ಉಂಟಾಗುವ ಬಗೆ

ಕ್ಯಾನ್ಸರ್ ಉಂಟುಮಾಡುವುದರಿಂದ ವೈರಾಣುವಿಗೆ ಯಾವ ಪ್ರಯೋಜನವೂ ಇಲ್ಲ. ನಕಲಿಗೆಂದು ಕೈಗೊಂಡ ಕ್ರಮಗಳ ಅನಪೇಕ್ಷಿತ ಫಲ ಅದು. ಸಾಮಾನ್ಯ ಸೋಂಕಿನಲ್ಲಿ ಇ6 ಮತ್ತು ಇ7ರ ಪ್ರಮಾಣವನ್ನು ಇ2 ಪ್ರೋಟೀನು ಹತೋಟಿಯಲ್ಲಿಡುತ್ತದೆ. ಪ್ರಚೋದನೆಗೊಂಡ ಕೋಶಗಳೂ ಕೆಲವು ದಿನಗಳಲ್ಲಿ ಉದುರಿಹೋಗುತ್ತವೆ. ಬಹುತೇಕ ಸೋಂಕುಗಳನ್ನು ಶರೀರದ ರೋಗನಿರೋಧಕ ಶಕ್ತಿಯೇ ಒಂದೆರಡು ವರ್ಷಗಳಲ್ಲಿ ನಿವಾರಿಸುತ್ತದೆ.

ಕೆಲವರಲ್ಲಿ ಸೋಂಕು ಹಲವು ವರ್ಷ ಉಳಿಯುತ್ತದೆ. ಆಗ ವೈರಾಣುವಿನ ಉಂಗುರವು ತುಂಡಾಗಿ ಮಾನವ ವರ್ಣತಂತುವಿನೊಳಗೆ ಬೆಸೆದುಕೊಳ್ಳುವ ಸಂಭವವಿದೆ. ಹೀಗಾಗುವಾಗ ಸಾಮಾನ್ಯವಾಗಿ ಇ2ರ ಭಾಗ ಒಡೆದುಹೋಗಿ, ಇ6 ಮತ್ತು ಇ7 ಹತೋಟಿ ತಪ್ಪುತ್ತವೆ. ವಿಭಜಿಸುವ ಕೋಶಗಳಲ್ಲಿಯೇ ಆರ್‌ಬಿ ಮತ್ತು ಪಿ53 ಎರಡೂ ಇಲ್ಲದಂತಾಗಿ, ಡಿಎನ್‌ಎಯಲ್ಲಿ ದೋಷಗಳು ಒಂದರ ಮೇಲೊಂದು ಸೇರುತ್ತವೆ. ಸೋಂಕಿನಿಂದ ಕ್ಯಾನ್ಸರ್‌ವರೆಗಿನ ಈ ಪಯಣಕ್ಕೆ ಸಾಮಾನ್ಯವಾಗಿ 15 ರಿಂದ 20 ವರ್ಷ ಬೇಕಾಗುತ್ತದೆ. ಚಿಕಿತ್ಸೆ ಪಡೆಯದ ಎಚ್‌ಐವಿ ಸೋಂಕಿತರಲ್ಲಿ ಈ ಅವಧಿ 5 ರಿಂದ 10 ವರ್ಷಕ್ಕೆ ಇಳಿಯಬಹುದು.

2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಆ ವರ್ಷ ವಿಶ್ವದಲ್ಲಿ ಸುಮಾರು 6.6 ಲಕ್ಷ ಮಹಿಳೆಯರಲ್ಲಿ ಗರ್ಭಕಂಠದ ಕ್ಯಾನ್ಸರ್ ಹೊಸದಾಗಿ ಪತ್ತೆಯಾಗಿದ್ದು, ಸುಮಾರು 3.5 ಲಕ್ಷ ಮಹಿಳೆಯರು ಮೃತಪಟ್ಟಿದ್ದಾರೆ. ಭಾರತದಲ್ಲಿ ಹೊಸ ಪ್ರಕರಣಗಳ ಸಂಖ್ಯೆ ಸುಮಾರು 1.27 ಲಕ್ಷ, ಮರಣಗಳ ಸಂಖ್ಯೆ ಸುಮಾರು 80 ಸಾವಿರ.

8. ಈ ತಿಳಿವಳಿಕೆ ದೊರೆತ ಬಗೆ

ಮಾನವ ಕೋಶದ ಡಿಎನ್‌ಎ ನಕಲು ಕುರಿತ ನಮ್ಮ ತಿಳಿವಳಿಕೆಯ ಬಹುಭಾಗ ವೈರಾಣುಗಳ ಅಧ್ಯಯನದಿಂದಲೇ ದೊರೆತಿದೆ. 1960ರಲ್ಲಿ ಕೋತಿಯ ಮೂತ್ರಪಿಂಡದ ಕೋಶಗಳಲ್ಲಿ ಎಸ್‌ವಿ40 ಎಂಬ ವೈರಾಣು ಪತ್ತೆಯಾಯಿತು. ಅದು ನಕಲಿಗಾಗಿ ಒಂದೇ ಒಂದು ಸ್ವಂತ ಪ್ರೋಟೀನನ್ನು ತರುತ್ತದೆ, ಉಳಿದುದೆಲ್ಲ ಕೋಶದ್ದು. 1984ರಲ್ಲಿ ಅಮೆರಿಕದ ಜೋಕಿಮ್ ಲಿ ಮತ್ತು ಥಾಮಸ್ ಕೆಲ್ಲಿ ಅವರು ಈ ವೈರಾಣುವಿನ ಡಿಎನ್‌ಎಯನ್ನು ಜೀವಂತ ಕೋಶದ ಹೊರಗೆ, ಪ್ರಯೋಗನಾಳದಲ್ಲಿ ನಕಲಾಗುವಂತೆ ಮಾಡಿದರು. ಮುಂದಿನ ವರ್ಷಗಳಲ್ಲಿ ಕೋಶದ ಸಾರದಿಂದ ಒಂದೊಂದೇ ಪ್ರೋಟೀನನ್ನು ಬೇರ್ಪಡಿಸಿ ಪರೀಕ್ಷಿಸಿದಾಗ ಆರ್‌ಪಿಎ, ಪಿಸಿಎನ್‌ಎ, ಆರ್‌ಎಫ್‌ಸಿಗಳ ಪಾತ್ರ ಸ್ಪಷ್ಟವಾಯಿತು. ಪಿ53 ಪ್ರೋಟೀನು ಕೂಡ 1979ರಲ್ಲಿ ಮೊದಲು ಕಂಡುಬಂದದ್ದು ಎಸ್‌ವಿ40ರ ಪ್ರೋಟೀನಿಗೆ ಅಂಟಿಕೊಂಡ ಸ್ಥಿತಿಯಲ್ಲಿಯೇ.

ಜರ್ಮನಿಯ ಹೆರಾಲ್ಡ್ ತ್ಸೂರ್ ಹೌಸೆನ್ ಅವರ ತಂಡವು 1983ರಲ್ಲಿ ಎಚ್‌ಪಿವಿ 16 ಮತ್ತು 1984ರಲ್ಲಿ ಎಚ್‌ಪಿವಿ 18 ಬಗೆಗಳನ್ನು ಗರ್ಭಕಂಠದ ಕ್ಯಾನ್ಸರ್ ಅಂಗಾಂಶದಿಂದ ಗುರುತಿಸಿತು. ಈ ಕಾರ್ಯಕ್ಕಾಗಿ ಅವರಿಗೆ 2008ರ ನೊಬೆಲ್ ವೈದ್ಯಕೀಯ ಪ್ರಶಸ್ತಿಯಲ್ಲಿ ಪಾಲು ದೊರೆಯಿತು. ಇ7 ಪ್ರೋಟೀನು ಆರ್‌ಬಿಗೆ ಅಂಟುವುದು 1989ರಲ್ಲಿಯೂ, ಇ6 ಪ್ರೋಟೀನು ಪಿ53ರ ನಾಶಕ್ಕೆ ಕಾರಣವಾಗುವುದು 1990ರಲ್ಲಿಯೂ ಪ್ರಕಟವಾದವು.

9. ನೇರ ಔಷಧ ಏಕೆ ಇಲ್ಲ

ಹರ್ಪಿಸ್ ಸೋಂಕಿಗೆ ನೀಡುವ ಅಸೈಕ್ಲೋವಿರ್ ಔಷಧದೊಡನೆ ಹೋಲಿಸಿದರೆ ಈ ಪ್ರಶ್ನೆಯ ಉತ್ತರ ಸುಲಭವಾಗಿ ತಿಳಿಯುತ್ತದೆ. ಹರ್ಪಿಸ್ ವೈರಾಣುವಿಗೆ ಸ್ವಂತ ಕಿಣ್ವಗಳಿವೆ. ಅಸೈಕ್ಲೋವಿರ್ ಮೊದಲು ಆ ವೈರಾಣುವಿನ ಕಿಣ್ವದಿಂದಲೇ ಕ್ರಿಯಾಶೀಲಗೊಳ್ಳಲು ಆರಂಭಿಸಿ, ನಂತರ ಆ ವೈರಾಣುವಿನ ಪಾಲಿಮರೇಸನ್ನು ತಡೆಯುತ್ತದೆ. ಸೋಂಕಿಲ್ಲದ ಕೋಶದಲ್ಲಿ ಅದು ಬಹುಮಟ್ಟಿಗೆ ನಿಷ್ಕ್ರಿಯವಾಗಿರುತ್ತದೆ. ಇಂತಹ ಔಷಧಗಳ ಸಂಶೋಧನೆಗೆ ಕಾರಣರಾದ ಗರ್ಟ್ರೂಡ್ ಎಲಿಯನ್ ಅವರಿಗೆ 1988ರಲ್ಲಿ ನೊಬೆಲ್ ಪ್ರಶಸ್ತಿ ಹಂಚಿಕೆಯಾಯಿತು.

ಎಚ್‌ಪಿವಿಯ ವಿಷಯದಲ್ಲಿ ನಕಲು ಮಾಡುವ ಪಾಲಿಮರೇಸ್ ನಮ್ಮದೇ ಕೋಶದ್ದು. ಅದನ್ನು ತಡೆಯುವ ಔಷಧವು ಅಸ್ಥಿಮಜ್ಜೆ, ಕರುಳು, ಚರ್ಮ ಸೇರಿದಂತೆ ವಿಭಜಿಸುವ ಎಲ್ಲ ಆರೋಗ್ಯವಂತ ಕೋಶಗಳಿಗೂ ಹಾನಿ ಮಾಡುತ್ತದೆ. ವೈರಾಣುವಿನ ಏಕೈಕ ಕಿಣ್ವವಾದ ಇ1ನ್ನು ಗುರಿಯಾಗಿಸಿ ಸಂಶೋಧನೆಗಳು ನಡೆದಿವೆಯಾದರೂ, ಎಚ್‌ಪಿವಿ ಡಿಎನ್‌ಎಯ ನಕಲನ್ನು ನೇರವಾಗಿ ತಡೆಯಲು ಅನುಮೋದಿತವಾದ ಔಷಧ ಇಲ್ಲ. ಆದುದರಿಂದ ವೈರಾಣುವು ಕೋಶವನ್ನು ಸೇರುವ ಮೊದಲೇ ತಡೆಯುವುದು, ಸೇರಿದ್ದರೆ ಅದರ ದುಷ್ಪರಿಣಾಮವನ್ನು ಕ್ಯಾನ್ಸರ್ ಆಗುವ ಮೊದಲೇ ಪತ್ತೆಹಚ್ಚುವುದು, ಈ ಎರಡೇ ಪರಿಣಾಮಕಾರಿ ಮಾರ್ಗಗಳು.

10. ಲಸಿಕೆ

ಎಲ್1 ಪ್ರೋಟೀನನ್ನು ಪ್ರತ್ಯೇಕವಾಗಿ ತಯಾರಿಸಿದಾಗ ಅದು ತಾನಾಗಿಯೇ ಕೂಡಿಕೊಂಡು ವೈರಾಣುವನ್ನು ಹೋಲುವ ಟೊಳ್ಳು ಕಣಗಳಾಗುತ್ತದೆ. ಎಚ್‌ಪಿವಿ ಲಸಿಕೆಯಲ್ಲಿರುವುದು ಈ ಕಣಗಳೇ. ಇವುಗಳಲ್ಲಿ ವೈರಾಣುವಿನ ಡಿಎನ್‌ಎ ಇರುವುದಿಲ್ಲ. ಹಾಗಾಗಿ ಲಸಿಕೆಯಿಂದ ಎಚ್‌ಪಿವಿ ಸೋಂಕು ಅಥವಾ ಕ್ಯಾನ್ಸರ್ ಬರಲು ಸಾಧ್ಯವಿಲ್ಲ. ಲಸಿಕೆಯಿಂದ ಉಂಟಾದ ಪ್ರತಿಕಾಯಗಳು ನಿಜವಾದ ವೈರಾಣು ತಳಪದರದ ಕೋಶವನ್ನು ಸೇರದಂತೆ ತಡೆಯುತ್ತವೆ.

ಮೊದಲ ಎಚ್‌ಪಿವಿ ಲಸಿಕೆಗೆ 2006ರಲ್ಲಿ ಪರವಾನಗಿ ದೊರೆಯಿತು. ಭಾರತದಲ್ಲಿಯೇ ತಯಾರಾದ, 6, 11, 16 ಮತ್ತು 18ನೆಯ ಬಗೆಗಳ ವಿರುದ್ಧದ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ನೀಡಲಾಯಿತು. ವಿಶ್ವ ಆರೋಗ್ಯ ಸಂಸ್ಥೆಯು 9 ರಿಂದ 14 ವರ್ಷದ ಹೆಣ್ಣುಮಕ್ಕಳಿಗೆ ಆದ್ಯತೆಯ ಮೇರೆಗೆ ಲಸಿಕೆ ನೀಡಲು ಶಿಫಾರಸು ಮಾಡಿದ್ದು, ಈ ವಯೋಮಾನದವರಿಗೆ ಒಂದು ಅಥವಾ ಎರಡು ಡೋಸು ಸಾಕೆಂದು 2022ರಲ್ಲಿ ತಿಳಿಸಿದೆ. ರೋಗನಿರೋಧಕ ಶಕ್ತಿ ಕುಂದಿದವರಿಗೆ ಕನಿಷ್ಠ ಎರಡು, ಸಾಧ್ಯವಿದ್ದಲ್ಲಿ ಮೂರು ಡೋಸು ಅಗತ್ಯ.

ಈಗಾಗಲೇ ಇರುವ ಸೋಂಕನ್ನು ಈ ಲಸಿಕೆ ಗುಣಪಡಿಸುವುದಿಲ್ಲ. ತಳಪದರದ ಸೋಂಕಿತ ಕೋಶಗಳಲ್ಲಿ ಎಲ್1 ತಯಾರಾಗುವುದೇ ಇಲ್ಲವಾದ್ದರಿಂದ ಪ್ರತಿಕಾಯಗಳಿಗೆ ಅಲ್ಲಿ ಗುರಿ ಸಿಗುವುದಿಲ್ಲ. ಚಿಕ್ಕ ವಯಸ್ಸಿನಲ್ಲಿಯೇ, ಸೋಂಕಿಗೆ ಒಡ್ಡಿಕೊಳ್ಳುವ ಮೊದಲೇ ಲಸಿಕೆ ಪಡೆಯಬೇಕೆನ್ನುವುದಕ್ಕೆ ಇದು ಕಾರಣ.

11. ತಪಾಸಣೆ

ಸೋಂಕಿನಿಂದ ಕ್ಯಾನ್ಸರ್‌ವರೆಗಿನ ದೀರ್ಘ ಅವಧಿಯೇ ನಮಗೆ ದೊರೆತಿರುವ ಅವಕಾಶ. ಲಭ್ಯವಿರುವ ವಿಧಾನಗಳು ಇಂತಿವೆ:

(ಅ) ಆಮ್ಲ ಲೇಪನ ಪರೀಕ್ಷೆ: ಗರ್ಭಕಂಠಕ್ಕೆ ದುರ್ಬಲ ಅಸಿಟಿಕ್ ಆಮ್ಲವನ್ನು ಲೇಪಿಸಿ ಬರಿಗಣ್ಣಿನಿಂದ ಪರಿಶೀಲಿಸಲಾಗುತ್ತದೆ. ಬದಲಾವಣೆಗೊಂಡ ಭಾಗ ಬಿಳಿಯಾಗಿ ಕಾಣುತ್ತದೆ. 2016ರ ರಾಷ್ಟ್ರೀಯ ಮಾರ್ಗಸೂಚಿಯಂತೆ 30 ರಿಂದ 65 ವರ್ಷದ ಮಹಿಳೆಯರಿಗೆ ಐದು ವರ್ಷಕ್ಕೊಮ್ಮೆ ಈ ಪರೀಕ್ಷೆ ನಿಗದಿಯಾಗಿದೆ.
(ಆ) ಪ್ಯಾಪ್ ಪರೀಕ್ಷೆ: ಉದುರುವ ಕೋಶಗಳನ್ನು ಸಂಗ್ರಹಿಸಿ ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ.
(ಇ) ಎಚ್‌ಪಿವಿ ಡಿಎನ್‌ಎ ಪರೀಕ್ಷೆ: ಮಾದರಿಯಲ್ಲಿ ಅಪಾಯಕಾರಿ ಬಗೆಗಳ ಡಿಎನ್‌ಎ ಇದೆಯೇ ಎಂಬುದನ್ನು ಪ್ರಯೋಗಾಲಯದಲ್ಲಿ ಪತ್ತೆಹಚ್ಚಲಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2021ರಲ್ಲಿ ಇದನ್ನು ಪ್ರಥಮ ಆದ್ಯತೆಯ ಪರೀಕ್ಷೆಯೆಂದು ಶಿಫಾರಸು ಮಾಡಿದೆ. 30 ವರ್ಷದಿಂದ ಆರಂಭಿಸಿ 5 ರಿಂದ 10 ವರ್ಷಕ್ಕೊಮ್ಮೆ, ಎಚ್‌ಐವಿ ಸೋಂಕಿತರಿಗೆ 25 ವರ್ಷದಿಂದ ಆರಂಭಿಸಿ 3 ರಿಂದ 5 ವರ್ಷಕ್ಕೊಮ್ಮೆ ಮಾಡಿಸಿಕೊಳ್ಳಬಹುದಾಗಿದೆ.

ಕ್ಯಾನ್ಸರ್ ಪೂರ್ವ ಸ್ಥಿತಿ ಕಂಡುಬಂದಲ್ಲಿ ಆ ಭಾಗವನ್ನು ಶೀತದಿಂದ ಅಥವಾ ಉಷ್ಣದಿಂದ ನಾಶಪಡಿಸುವ ಇಲ್ಲವೇ ವಿದ್ಯುತ್ ತಂತಿಯ ಕುಣಿಕೆಯಿಂದ ತೆಗೆದುಹಾಕುವ ಸರಳ ಚಿಕಿತ್ಸೆಗಳಿವೆ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 2030ರೊಳಗೆ ಸಾಧಿಸಬೇಕಾದ ಮೂರು ಗುರಿಗಳನ್ನು ಪ್ರಕಟಿಸಿದೆ: 15 ವರ್ಷ ತುಂಬುವುದರೊಳಗೆ ಶೇಕಡ 90ರಷ್ಟು ಹೆಣ್ಣುಮಕ್ಕಳಿಗೆ ಲಸಿಕೆ, 35ನೆಯ ಹಾಗೂ 45ನೆಯ ವಯಸ್ಸಿನೊಳಗೆ ಶೇಕಡ 70ರಷ್ಟು ಮಹಿಳೆಯರಿಗೆ ಉತ್ತಮ ಗುಣಮಟ್ಟದ ತಪಾಸಣೆ, ರೋಗ ಕಂಡುಬಂದವರಲ್ಲಿ ಶೇಕಡ 90ರಷ್ಟು ಜನರಿಗೆ ಚಿಕಿತ್ಸೆ.

12. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಎಚ್‌ಪಿವಿ ಪರೀಕ್ಷೆಯಲ್ಲಿ ಸೋಂಕು ಇದೆಯೆಂದು ಬಂದರೆ ಕ್ಯಾನ್ಸರ್ ಇದೆಯೆಂದು ಅರ್ಥವೇ?
ಉತ್ತರ: ಅಲ್ಲ. ವೈರಾಣುವಿನ ಡಿಎನ್‌ಎ ಇದೆಯೆಂದಷ್ಟೇ ಅರ್ಥ. ಹೆಚ್ಚಿನ ಸೋಂಕುಗಳು ತಾವಾಗಿಯೇ ನಿವಾರಣೆಯಾಗುತ್ತವೆ. ಆದರೆ ವೈದ್ಯರು ಸೂಚಿಸಿದ ಮುಂದಿನ ಪರೀಕ್ಷೆಯನ್ನು ತಪ್ಪಿಸಬಾರದು.

ಪ್ರಶ್ನೆ: ಸೋಂಕು ಇತ್ತೀಚೆಗೆ ತಗುಲಿದೆಯೇ, ಯಾರಿಂದ ತಗುಲಿದೆ ಎಂಬುದು ತಿಳಿಯುವುದೇ?
ಉತ್ತರ: ತಿಳಿಯುವುದಿಲ್ಲ. ಎರಡನೆಯ ಹಂತದಲ್ಲಿ ವೈರಾಣುವು ಯಾವ ಲಕ್ಷಣವೂ ಇಲ್ಲದೆ ಹಲವು ವರ್ಷ ಉಳಿಯಬಲ್ಲದು. ಪರೀಕ್ಷೆಯ ಫಲಿತಾಂಶವನ್ನು ಮಹಿಳೆಯ ಅಥವಾ ಆಕೆಯ ಪತಿಯ ನಡತೆಯ ಕುರಿತ ಸಾಕ್ಷ್ಯವೆಂದು ಭಾವಿಸುವುದು ತಪ್ಪು.

ಪ್ರಶ್ನೆ: ಲಸಿಕೆ ಪಡೆದವರಿಗೂ ತಪಾಸಣೆ ಬೇಕೇ?
ಉತ್ತರ: ಬೇಕು. ಲಸಿಕೆಯು ಕ್ಯಾನ್ಸರ್ ಉಂಟುಮಾಡುವ ಎಲ್ಲ ಬಗೆಗಳನ್ನೂ ಒಳಗೊಂಡಿಲ್ಲ.

ಪ್ರಶ್ನೆ: ಪುರುಷರಿಗೆ ಈ ವೈರಾಣುವಿನಿಂದ ತೊಂದರೆ ಇಲ್ಲವೇ?
ಉತ್ತರ: ಇದೆ. ಗಂಟಲು, ಗುದದ್ವಾರ ಹಾಗೂ ಶಿಶ್ನದ ಕೆಲವು ಕ್ಯಾನ್ಸರುಗಳಿಗೆ ಎಚ್‌ಪಿವಿ ಕಾರಣವಾಗುತ್ತದೆ.

13. ಸಾರ್ವಜನಿಕರ ಗಮನಕ್ಕೆ

ಋತುಚಕ್ರದ ನಡುವೆ, ಲೈಂಗಿಕ ಸಂಪರ್ಕದ ನಂತರ ಅಥವಾ ಮುಟ್ಟು ನಿಂತ ಮೇಲೆ ರಕ್ತಸ್ರಾವ, ದುರ್ವಾಸನೆಯ ಸ್ರಾವ, ಕೆಳಹೊಟ್ಟೆಯಲ್ಲಿ ನಿರಂತರ ನೋವು, ಇವುಗಳಲ್ಲಿ ಯಾವುದೇ ಲಕ್ಷಣ ಕಂಡುಬಂದಲ್ಲಿ ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯದೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಆರಂಭಿಕ ಹಂತದಲ್ಲಿ ಯಾವ ಲಕ್ಷಣವೂ ಇರುವುದಿಲ್ಲವಾದುದರಿಂದ, ಆರೋಗ್ಯವಾಗಿರುವ ಮಹಿಳೆಯರೂ 30 ವರ್ಷ ತುಂಬಿದ ನಂತರ ತಪಾಸಣೆ ಮಾಡಿಸಿಕೊಳ್ಳಬೇಕೆಂದು ಕೋರಲಾಗಿದೆ. ತಪಾಸಣೆಯ ದಿನ ಹಾಗೂ ಲಸಿಕೆಯ ಲಭ್ಯತೆಯ ಬಗ್ಗೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಯಲ್ಲಿ ಇಲ್ಲವೇ ತಮ್ಮ ಊರಿನ ಆಶಾ ಕಾರ್ಯಕರ್ತೆಯಲ್ಲಿ ವಿಚಾರಿಸಬಹುದು.

ಈ ಲೇಖನವು ಸಾರ್ವಜನಿಕ ತಿಳಿವಳಿಕೆಗಾಗಿ ಮಾತ್ರ. ವೈಯಕ್ತಿಕ ರೋಗನಿರ್ಣಯ ಹಾಗೂ ಚಿಕಿತ್ಸೆಗೆ ವೈದ್ಯರ ಸಲಹೆಯೇ ಅಂತಿಮ.